ಅಡ್ಜಸ್ಟ್ ಮಾಡಿಕೊಳ್ಳಬೇಕಾದವಳು

ನನ್ನ ಮೇಜಿನ ಮೇಲೆ ಹಾಸಿಗೆಯ ಸುರುಳಿಯೊಂದಿತ್ತು, ಸೆಣಬಿನ ಹುರಿಯಿಂದ ಬಿಗಿದು ಕಟ್ಟಿದ್ದು. ಅದರ ಅಡಿಯಲ್ಲಿ ನನ್ನ ಪಿಎಚ್‌ಡಿ ಪ್ರಬಂಧದ ಕೊನೆಯ ಅಧ್ಯಾಯ.

ಹಾಸಿಗೆ ದೊಡ್ಡಪ್ಪನ ಮಗನದು. ಅವನಿಗೆ ಮೈಸೂರಿನ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯ ಕೆಲಸ ಸಿಕ್ಕಿತ್ತು. ಊರಿನಲ್ಲಿ ಮದುವೆಯೊಂದರ ಬೀಗರೂಟಕ್ಕೆ ಹೋಗಿದ್ದಾಗ, ಮುದ್ದೆ ಮುರಿಯುತ್ತಲೇ ಅಪ್ಪ ತಮ್ಮ ಅಣ್ಣನಿಗೆ ಮಾತು ಕೊಟ್ಟಿದ್ದರು: ಅವನು ಕುಂಬಾರಕೊಪ್ಪಲಿನ ನಮ್ಮ ಮನೆಯಲ್ಲೇ ಇರಲಿ, ಹೇಗೂ ಮಗಳ ರೂಮಿದೆ. ಪಂಕ್ತಿಯಲ್ಲಿ ಕೂತವರೆಲ್ಲ ಕೇಳಿಸಿಕೊಂಡ ಮಾತು. ನಮ್ಮ ಕಡೆ ಅಂಥ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮಗಳನ್ನು ಕೇಳಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಪ್ರಬಂಧ ಸಲ್ಲಿಸಲು ನನಗೆ ಉಳಿದಿದ್ದುದು ಆ ತಿಂಗಳು ಅಷ್ಟೆ.

ನಾನು ಯೂನಿವರ್ಸಿಟಿಯಿಂದ ಬಂದಾಗ, ಮಗನ ಹಾಸಿಗೆ ತಂದಿಳಿಸಿದ್ದ ದೊಡ್ಡಪ್ಪ ಹಾಲ್‌ನಲ್ಲಿ ಕಾಫಿ ಕುಡಿಯುತ್ತಿದ್ದರು. ಟಿವಿ ಪಕ್ಕದಲ್ಲೇ ಕೂತು ಬರೆದರಾಯಿತು, ಸ್ವಲ್ಪ ಅಡ್ಜಸ್ಟ್ ಮಾಡ್ಕೊ ಎಂದರು ಅಮ್ಮ.

ಆ ಪದದ ಮೇಲೆ ನನಗೆ ದ್ವೇಷವಿಲ್ಲ. ಸಿಟಿ ಬಸ್ಸಿನಲ್ಲಿ ಯಾರಾದರೂ ಅಡ್ಜಸ್ಟ್ ಮಾಡ್ಕೊಳ್ಳಿ ಎಂದರೆ ಸೀಟಿನಲ್ಲಿರುವ ಎಲ್ಲರೂ ಒಂದಿಷ್ಟು ಸರಿಯುತ್ತಾರೆ, ನಿಂತವರಿಗೆ ಅಂಚಿನಲ್ಲಿ ಜಾಗವಾಗುತ್ತದೆ. ಅದು ಸರಿಯಾದ ಬಳಕೆ. ನಮ್ಮ ಮನೆಯಲ್ಲಿ ಯಾರೂ ಸರಿಯುವುದಿಲ್ಲ. ನಾನು ಎದ್ದು ಹೋಗಬೇಕು. ಸೋದರತ್ತೆ ಬಾಣಂತನಕ್ಕೆ ಬಂದಾಗಲೂ ಹಾಗೇ ಎದ್ದು ಹೋಗಿದ್ದೆ.

“ಆಗಲ್ಲ,” ಎಂದೆ.

ಅಪ್ಪ ತಲೆ ಎತ್ತಲಿಲ್ಲ. “ಮಾತು ಕೊಟ್ಬುಟ್ಟಿದ್ದೀನಿ ಕಣಮ್ಮ. ರಾತ್ರಿಯೆಲ್ಲ ದುಡ್ಕೊಂಡು ಬರೋನು, ಹಗಲೊತ್ತು ಮಲಗೋಕೆ ಒಂದು ರೂಮು ಬೇಡ್ವಾ?”

“ಹಗಲೊತ್ತು ನೀವು ಆಫೀಸಲ್ಲಿರ್ತೀರಲ್ಲ ಅಪ್ಪ. ನಿಮ್ಮ ರೂಮಲ್ಲಿ ಮಲಗಲಿ.”

ದೊಡ್ಡಪ್ಪ ಲೋಟ ಕೆಳಗಿಟ್ಟು ಅಪ್ಪನ ಕಡೆ ತಿರುಗಿದರು. “ಇನ್ನೊಂದಷ್ಟು ಓದ್ಸಪ್ಪ ಇವಳ್ನ. ನಾಳೆ ನಿನ್ನೇ ಜಗಲಿ ಮೇಲೆ ಮಲಗುಸ್ತಾಳೆ.”

ಅಮ್ಮನ ಮಧ್ಯಾಹ್ನದ ನಿದ್ದೆಗೆ ನನ್ನ ಮಂಚವಿದೆ, ಅಷ್ಟು ಅಡ್ಜಸ್ಟ್ ನಾನೂ ಮಾಡಿಕೊಳ್ಳುತ್ತೇನೆ ಎಂದೆ. ಆಮೇಲೆ ಸುರುಳಿಯನ್ನು ತಬ್ಬಿ ಎತ್ತಿಕೊಂಡು ಹೋಗಿ ಅಪ್ಪನ ಮಂಚದ ಮೇಲೆ ಹಾಕಿದೆ. ಅದು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಅಪ್ಪ “ಹಂಗಲ್ಲ ಕಣೇ” ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಅವರು ಕೊಟ್ಟ ಮಾತು ಮುರಿದಿರಲಿಲ್ಲ. ಅಣ್ಣನ ಮಗ ನಮ್ಮ ಮನೆಯಲ್ಲೇ ಇರಲಿದ್ದ. ಆದರೂ ಊಟಕ್ಕೆ ಕೂತಾಗ ಅಪ್ಪ ನನ್ನೊಡನೆ ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ.

ಮರುದಿನ ಬೆಳಿಗ್ಗೆ ಅವರ ಮುನಿಸಿನಿಂದ ತಪ್ಪಿಸಿಕೊಳ್ಳಲು ಲೈಬ್ರರಿಗೆ ಹೋಗಬಹುದಿತ್ತು. ಹೋಗಲಿಲ್ಲ. ದೊಡ್ಡಪ್ಪನಿಗೆ ನಾನೇ ಕಾಫಿ ಕೊಟ್ಟೆ. ನನ್ನ ರೂಮಿಗೆ ಬಂದು ಬಾಗಿಲು ಹಾಕಿಕೊಂಡು ಬರೆಯಲು ಕೂತೆ.