ಊರು ಬಿಟ್ಟ ಚಳಿಗಾಲದಲ್ಲಿ ಸೈಕಲ್ ಕಲಿತದ್ದು

ಆಳಂದದ ನಮ್ಮ ಓಣಿಯಲ್ಲಿ ಇಲಿ ಬಿತ್ತೆಂಬ ಸುದ್ದಿ ಬೆಳಿಗ್ಗೆ ಬಂತು. ಸಂಜೆಯಾಗುವುದರೊಳಗೆ ಓಣಿ ಖಾಲಿಯಾಗಿತ್ತು. ಪ್ಲೇಗಿನ ಕಾಲದಲ್ಲಿ ಅದೇ ರೂಢಿ. ಯಾರದಾದರೂ ಮನೆಯ ಜಂತಿಯಿಂದ ಒಂದು ಇಲಿ ಸತ್ತು ಬಿದ್ದರೆ ಸಾಕು, ಎಲ್ಲರೂ ಬಾಗಿಲಿಗೆ ಬೀಗ ಹಾಕಿ, ಜೋಳದ ಚೀಲ, ಬೀಸುವ ಕಲ್ಲು, ಕೈಗೂಸುಗಳನ್ನು ಬಂಡಿಯಲ್ಲಿ ಹೇರಿಕೊಂಡು ತಮ್ಮ ತಮ್ಮ ಹೊಲಗಳಿಗೆ ಹೊರಡುತ್ತಿದ್ದರು. ಅಲ್ಲಿ ಜೋಳದ ದಂಟಿನ ಗುಡಿಸಲು ಹಾಕಿಕೊಂಡು ಎರಡು ಮೂರು ತಿಂಗಳು ಇರುವುದು. ಪ್ಲೇಗು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ಬ್ಯಾನಿ’ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು.

ನನಗಾಗ ಹತ್ತೊಂಬತ್ತು. ಸಾಲಿ ಮಾಸ್ತರನಾದ ಗಂಡ, ಅತ್ತೆ, ಎರಡು ವರ್ಷದ ಮಗಳು, ನಾನು. ನಾಲ್ಕೇ ಜನದ ಸಂಸಾರ. ಹೆದರಿಕೆ ಇದ್ದದ್ದು ಮೊದಲ ಎಂಟು ದಿನ ಮಾತ್ರ. ಆಮೇಲೆ ನನಗೆ ಆ ಹೊಲದಲ್ಲಿ ಸುಖವೆನಿಸತೊಡಗಿತು. ಊರಿನ ಮನೆಯಲ್ಲಿ ಒಲೆಯ ಹೊಗೆ, ಬೆಳಕಿಂಡಿಯಷ್ಟೇ ಆಕಾಶ, ತಲೆಯ ಸೆರಗು ಜಾರಿತೆಂದು ಹೇಳಲು ಎದುರುಮನೆಯ ಮುದುಕಿ. ಇಲ್ಲಿ ಬಯಲಲ್ಲಿ ಒಲೆ ಹೂಡಿ ರೊಟ್ಟಿ ಬಡಿಯುತ್ತಿದ್ದೆ, ಮಗಳು ಮಣ್ಣಿನಲ್ಲಿ ಉರುಳಾಡುತ್ತಿದ್ದಳು. ಜನ ಸಾಯುವ ಕಾಲದಲ್ಲಿ ಸುಖ ಎಂದರೆ ನಾಲಿಗೆ ಸೀಳಬೇಕು, ನನಗೂ ಗೊತ್ತು. ಆದರೂ ಅನಿಸಿದ್ದು ಸುಳ್ಳಲ್ಲ.

ಒಂದು ಚಿಂತೆ ಮಾತ್ರ ಎದೆಯಲ್ಲಿ ಕೂತಿತ್ತು. ಅದು ಹಿರೋಳ್ಳಿಯಲ್ಲಿದ್ದ ನನ್ನ ಅವ್ವನದು. ಅಪ್ಪ ತೀರಿಕೊಂಡಿದ್ದ, ಅವ್ವ ನನ್ನ ಅಣ್ಣನ ಸಂಗಡ ಇದ್ದಳು. ಹಿರೋಳ್ಳಿಯಲ್ಲಿ ಇನ್ನೂ ಬ್ಯಾನಿ ಬಂದಿರಲಿಲ್ಲ. ಅದಕ್ಕೇ ಆ ಊರಿನವರು ಆಳಂದದ ಕಡೆಯಿಂದ ಬಂದವರನ್ನು ಸೀಮೆಯಲ್ಲೇ ನಿಲ್ಲಿಸಿ ತಿರುಗಿಸಿ ಕಳಿಸುತ್ತಿದ್ದರು. ದೀಪಾವಳಿಯ ನಂತರ ನಾನು ಅವ್ವನ ಮುಖ ನೋಡಿರಲಿಲ್ಲ, ಅವಳ ಸುದ್ದಿಯೂ ಇರಲಿಲ್ಲ.

ಬಂದ ಮೂರನೆಯ ದಿನವೇ ಅತ್ತೆ ಗುಡಿಸಲ ಮುಂದೆ ಸೊಪ್ಪಿನ ಮಡಿ ಮಾಡಲು ಕೂತಳು. ಬ್ಯಾನಿಯ ಗುಡಿಸಲ ಮುಂದೆ ಏನನ್ನೂ ಬಿತ್ತಬಾರದು ಎಂಬುದು ನಮ್ಮ ಮಂದಿಯ ನಂಬಿಕೆ. ಬಿತ್ತಿದರೆ ಅದು ಬೆಳೆಯುವವರೆಗೂ ಇಲ್ಲೇ ಇರುತ್ತೇವೆಂದು ಬ್ಯಾನಿಗೆ ಮಾತು ಕೊಟ್ಟಂತೆ. ಪಕ್ಕದ ಹೊಲದವಳು ಬದುವಿನ ಮೇಲೆ ನಿಂತು ಕೂಗಿದಳು, “ಏನ್ರಿ ಯಕ್ಕಾ, ಇಲ್ಲೇ ಮನಿ ಮಾಡ್ತೀರೇನು?”

“ಮೆಂತೇವು ಹಾಕಾಕತ್ತೇನಿ,” ಅಂದಳು ಅತ್ತೆ ತಲೆ ಎತ್ತದೆ. “ಬ್ಯಾನಿ ಹ್ವಾದ್ರ ಬಿಟ್ಟು ಹೋಗೂಣು, ಇದ್ರ ತಿನ್ನೂಣು.”

ಮೆಂತೆಯ ಬೆನ್ನಿಗೆ ರಾಜಗಿರಿ, ಮೂಲಂಗಿ. ಬಾವಿಯ ನೀರು ಹತ್ತಿರವಿತ್ತು, ಕೊಡ ಹೊತ್ತು ಹಾಕುತ್ತಿದ್ದವಳು ನಾನು. ಊರಿನಲ್ಲಿ ಅತ್ತೆಗೂ ನನಗೂ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂದು ದಿನವೂ ಕಿರಿಕಿರಿ. ಆ ಮಡಿಗಳ ಮುಂದೆ ನಾವಿಬ್ಬರೂ ಜಗಳವಾಡಿದ್ದು ನೆನಪಿಲ್ಲ. ತಿಂಗಳಾಗುವುದರೊಳಗೆ ಸೊಪ್ಪು ನಮಗೆ ಮಿಕ್ಕಿ ಹೋಯಿತು.

ಗಂಡನಿಗೆ ಸಾಲಿಯಿಲ್ಲ, ಕೆಲಸವಿಲ್ಲ. ಮಕ್ಕಳಿಗೆ ಬೈದು ರೂಢಿಯಾದ ಬಾಯಿ ಸುಮ್ಮನಿರುತ್ತದೆಯೇ? ದಿನಕ್ಕೆರಡು ಸಲ ಸೈಕಲ್ ಒರೆಸುವುದು, ಗಾಳಿ ಹಾಕುವುದು, ಮಿಕ್ಕ ಹೊತ್ತು ದಪ್ಪವಾಯಿತು, ಸೀದಿತು ಎಂದು ನನ್ನ ರೊಟ್ಟಿಗೆ ಹೆಸರಿಡುವುದು. ಸೊಲ್ಲಾಪುರದಿಂದ ತಂದ ಹಳೆಯ ಸೈಕಲ್ಲು. ಅದನ್ನು ನನಗಿಂತ ಜೋಪಾನವಾಗಿ ನೋಡಿಕೊಳ್ಳುತ್ತಿದ್ದ. ಒಂದು ದಿನ ಸಿಟ್ಟಿಗೆದ್ದು, “ಖಾಲಿ ಕೂಡೂದಕಿಂತ ನನಗಾರ ಸೈಕಲ್ ಕಲಸ್ರಿ,” ಅಂದೆ. ಚುಚ್ಚಲೆಂದು ಆಡಿದ ಮಾತು. ಆತ ಎದ್ದೇ ಬಿಟ್ಟ.

ನಾವಾಗ ಉಡುತ್ತಿದ್ದದ್ದು ಕಚ್ಚೆ ಹಾಕಿದ ದೊಡ್ಡ ಸೀರೆ. ಗಂಡಸರ ಧೋತರದಂತೆ ಎರಡು ಕಾಲಿಗೂ ಸುತ್ತಿರುವುದರಿಂದ ಸೈಕಲ್ಲಿನ ನಡುಗಂಬಿ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ನನ್ನ ನಗು. ಹೊಲಕ್ಕೆ ಬರುವ ಬಂಡಿಹಾದಿಯಲ್ಲಿ ಆತ ಹಿಂದಿನ ಕ್ಯಾರಿಯರ್ ಹಿಡಿದು ಓಡುವುದು, ನಾನು ನಗುತ್ತಾ ಬೀಳುವುದು. ಮೊಣಕಾಲು ಕೆತ್ತಿ ಹೋಯಿತು, ಒಂದು ಡಜನ್ ಬಳೆ ಚೂರಾದವು. ನಾಲ್ಕನೆಯ ದಿನ ಆತನಿಗೆ ದಮ್ಮು ಹತ್ತಿ ಕೂತಾಗ ಅತ್ತೆ ಮಡಿಯಿಂದ ಎದ್ದು ಬಂದಳು. ಬೈಯುತ್ತಾಳೆಂದು ನಾನು ಸೆರಗು ಸರಿಮಾಡಿಕೊಂಡೆ. ಆಕೆ ಕ್ಯಾರಿಯರ್ ಹಿಡಿದು, “ಏರು ಬೇ. ಅಂವಗ ಹಿಡ್ಯಾಕ ಬರಾಂಗಿಲ್ಲ,” ಅಂದಳು. ಅತ್ತೆ ಹಿಡಿದ ದಿನವೇ ನಾನು ಬೀಳದೆ ಹೋದೆ.

ಹೋದೆ ಎಂದರೆ ಪೂರ್ತಿ ಬಂತೆಂದಲ್ಲ. ನೆಲದಿಂದ ಏರಲು ಬರುತ್ತಿರಲಿಲ್ಲ. ಕಲ್ಲೋ ಬದುವೋ ಬೇಕಿತ್ತು. ಇಳಿಯುವುದೆಂದರೆ ಬೀಳುವುದೇ. ಆದರೂ ಅತ್ತೆ ನನ್ನನ್ನು ಸೊಪ್ಪಿನ ಕೆಲಸಕ್ಕೆ ಹಚ್ಚಿದಳು. ಬೇರೆ ಗುಡಿಸಲಿನಲ್ಲಿ ಬೇಯಿಸಿದ್ದನ್ನು ಯಾರೂ ಮುಟ್ಟುತ್ತಿರಲಿಲ್ಲ, ನೆಲದಿಂದ ಕಿತ್ತ ಸೊಪ್ಪಿಗೆ ಮಾತ್ರ ಯಾರೂ ಒಲ್ಲೆ ಅನ್ನುತ್ತಿರಲಿಲ್ಲ. ಸೂಡು ಕಟ್ಟಿ ಕ್ಯಾರಿಯರಿಗೆ ಬಿಗಿದು, ಒಂದೊಂದು ಹೊಲದ ಕಲ್ಲಿನ ಮೇಲೆ ಇಟ್ಟು, ಕೂಗಿ ಹೇಳಿ ಬರುತ್ತಿದ್ದೆ. ಇಲ್ಲೇ ಮನಿ ಮಾಡ್ತೀರೇನು ಎಂದು ಕೂಗಿದ್ದ ಪಕ್ಕದ ಹೊಲದವಳೇ ಎಲ್ಲರಿಗಿಂತ ಮೊದಲು ಬಂದು ಕಲ್ಲಿನ ಬಳಿ ಕಾಯುತ್ತಿದ್ದಳು.

ಸಂಕ್ರಾಂತಿ ಹತ್ತಿರ ಬಂದಾಗ ನನ್ನ ಗಂಡ ಒಂದು ಘನಂದಾರಿ ಕೆಲಸ ಮಾಡಿದ. ಬದನೆಗೆ ಮಡಿ ಮಾಡುತ್ತೇನೆಂದು ಸಲಿಕೆ ಹಿಡಿದ. ಸೀಮೆಸುಣ್ಣ ಹಿಡಿದ ಕೈ. ಮೂರನೆಯ ಏಟು ತನ್ನ ಪಾದಕ್ಕೇ ಹಾಕಿಕೊಂಡ. ಅರಿಸಿನ ತುಂಬಿ ಬಟ್ಟೆ ಕಟ್ಟಿದೆವು. ಕಾಲು ಬಾತು ನೆಲಕ್ಕಿಡಲು ಬಾರದಂತಾಯಿತು.

ಅದೇ ವಾರ ಬಾವಿಯಲ್ಲಿ ನೀರು ಕುಡಿಯಲು ನಿಂತ ಕಂಬಳಿ ಮಾರುವವನೊಬ್ಬ ಹೇಳಿದ: ಹಿರೋಳ್ಳಿಯಲ್ಲೂ ಇಲಿ ಬಿದ್ದಾವ, ಊರು ಖಾಲಿಯಾಗ್ಯಾದ, ಮೊದಲ ದಿನವೇ ಹಣಮಂತ ದೇವರ ಗುಡಿ ಓಣಿಯ ಮುದುಕಿಯೊಬ್ಬಳು ಹೋದಳು. ನನ್ನ ತವರು ಅದೇ ಓಣಿಯಲ್ಲಿ. ಯಾವ ಮುದುಕಿ ಎಂದು ಕೇಳಿದೆ. “ನನಗೇನು ಗೊತ್ತವ್ವ,” ಅಂದು ಕಂಬಳಿ ಹೊತ್ತು ನಡೆದ. ಕೊಡ ಅಲ್ಲೇ ಬಿಟ್ಟು ಗುಡಿಸಲಿಗೆ ಓಡಿ ಬಂದೆ.

ಬಂಡಿ ಕೇಳಿದೆವು. ಬ್ಯಾನಿ ಇದ್ದ ಊರಿಗೆ ಯಾರು ಎತ್ತು ಕೊಡುತ್ತಾರೆ? ಗಂಡ ಕುಂಟುತ್ತಾ ಸೈಕಲ್ ಹತ್ತಲು ಹೋಗಿ ಹಲ್ಲು ಕಚ್ಚಿಕೊಂಡು ಕೂತ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ, “ನಾ ಹೋಗ್ತೇನ್ರಿ,” ಅಂದೆ.

“ಒಬ್ಬಾಕೀನೇ? ಸೈಕಲ್ ಮ್ಯಾಲ? ಮಂದಿ ಏನಂದಾರು?”

ಉತ್ತರ ಕೊಟ್ಟವಳು ಅತ್ತೆ. “ಊರಾಗ ಮಂದಿ ಎಲ್ಲದ? ಎಲ್ಲಾರೂ ಅಡವ್ಯಾಗ ಅದಾರ. ಅಕಿ ತಾಯೀನ ನೋಡಾಕ ಹೊಂಟಾಳ, ನೀ ಕಾಲು ನೋಡಿಕೋತ ಕೂಡು.” ಮಗಳನ್ನು ಸೊಂಟಕ್ಕೆ ಎತ್ತಿಕೊಂಡು ನನಗೆ ಹೇಳಿದಳು, “ಹೋಗು ಬೇ. ಯಾರನ್ನೂ ಮುಟ್ಟಬ್ಯಾಡ. ಹೊತ್ತು ಮುಳಗೂದರಾಗ ಬಾ.” ಆ ಹೊತ್ತು ಅವಳ ಕಾಲಿಗೆ ಬೀಳಬೇಕೆನಿಸಿತು. ಬೀಳಲಿಲ್ಲ, ಒಂದು ಸೂಡು ಮೆಂತೆ ಕ್ಯಾರಿಯರಿಗೆ ಬಿಗಿದು ಸೈಕಲ್ ತಗೊಂಡು ಹೊರಟೆ.

ಆ ಹಾದಿಯನ್ನು ಇಂದಿಗೂ ಅಂಗೈಯಂತೆ ಬಲ್ಲೆ. ಬಂಡಿಯ ಗಾಲಿ ಕೊರೆದ ಜಾಡಿನಲ್ಲಿ ಸೈಕಲ್ ಸಿಕ್ಕಿದರೆ ಹೊರಗೆ ಬರುತ್ತಿರಲಿಲ್ಲ. ಎರಡು ಸಲ ಬಿದ್ದೆ. ಬಿದ್ದಾಗಲೆಲ್ಲ ಏರಲು ಕಲ್ಲು ಸಿಗುವವರೆಗೆ ತಳ್ಳಿಕೊಂಡು ನಡೆದೆ. ಒಬ್ಬ ಬಂಡಿಯವನು ಎತ್ತು ನಿಲ್ಲಿಸಿ ಬಾಯಿ ತೆರೆದು ನೋಡಿದ. ಬೇರೆ ದಿನವಾಗಿದ್ದರೆ ನಾಚಿ ಸಾಯುತ್ತಿದ್ದೆ. ಆ ದಿನ, “ಏನ್ ನೋಡ್ತೀಯೋ, ಹಾದಿ ಬಿಡು,” ಅಂದೆ. ಆತ ಬಿಟ್ಟ. ಪೆಡಲ್ ತುಳಿದಷ್ಟೂ ತಲೆಯಲ್ಲಿ ಒಂದೇ ಮಾತು, ಯಾವ ಮುದುಕಿ, ಯಾವ ಮುದುಕಿ.

ಹಿರೋಳ್ಳಿಯ ಸೀಮೆಯಲ್ಲಿ ಕಾವಲಿಗೆ ಯಾರೂ ಇರಲಿಲ್ಲ. ಊರೊಳಗೆ ಬಾಗಿಲುಗಳಿಗೆ ಜಾಲಿಮುಳ್ಳು ಹಚ್ಚಿದ್ದರು. ನಮ್ಮ ಮನೆಯ ಬಾಗಿಲಿಗೂ ಮುಳ್ಳು. ಊರು ಬಿಟ್ಟವರು ಇರುವುದು ತಮ್ಮ ಹೊಲದಲ್ಲಿ, ಅದನ್ನು ಯಾರೂ ಹೇಳಬೇಕಿಲ್ಲ. ಹಳ್ಳದ ಆಚೆ ನಮ್ಮ ಹೊಲಕ್ಕೆ ಹೋದೆ. ಹೊಲದ ತುಂಬ ಕಡಲೆ, ಹಸಿರಾಗಿ ಮೊಣಕಾಲ ಹತ್ತಿರ ಬಂದಿತ್ತು. ಗುಡಿಸಲು ಇರಲಿಲ್ಲ. ಒಲೆಯ ಕಲ್ಲಿಲ್ಲ, ಹೊಗೆಯಿಲ್ಲ, ದನ ಕಟ್ಟಿದ ಗೂಟವಿಲ್ಲ.

ಅವ್ವ ಹೋಗಿದ್ದಾಳೆ, ಅಣ್ಣ ಮಣ್ಣು ಮಾಡಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಎಲ್ಲಿಗೋ ಹೋಗಿದ್ದಾನೆ ಅನಿಸಿತು. ಹೊಲದ ನಡುವಿನ ಬನ್ನಿಗಿಡದ ಕೆಳಗೆ ಏನಾದರೂ ಗುರುತು ಇದ್ದೀತೆಂದು ಸೈಕಲ್ ತಳ್ಳಿಕೊಂಡು ನೇರ ಹೊಲದೊಳಗೇ ನುಗ್ಗಿದೆ. ಅಳುತ್ತಿದ್ದೆ, ಹಾದಿ ಕಾಣುತ್ತಿರಲಿಲ್ಲ.

ಆಗ ದೂರದ ದಿನ್ನೆಯಿಂದ ಒಂದು ದನಿ ಬಂತು.

“ಯಾರಲೇ ಅಂವ! ಕಡ್ಲಿ ತುಳ್ಯಾಕತ್ತೀಯಲ್ಲೋ! ನಿನ್ನ ಕಣ್ಣಾಗ ಮಣ್ಣ ಬೀಳಲಿ, ನಿನ್ನ ಸೈಕಲ್ ಮುರಕೊಂಡು ಹೋಗಲಿ, ನಿನ್ನ ಸೂಜಿ ನಿನಗೇ ಚುಚ್ಚಲಿ!”

ಸೈಕಲ್ ಕಂಡು, ಬ್ಯಾನಿಯ ಸೂಜಿ ಹಾಕುವ ಸರಕಾರಿ ಮನುಷ್ಯ ಬಂದನೆಂದು ತಿಳಿದು ಬೈಯುತ್ತಿದ್ದವಳು ನನ್ನ ಅವ್ವ. ಅಷ್ಟು ಚೆಂದದ ಬೈಗುಳ ನನ್ನ ಜನ್ಮದಲ್ಲಿ ಕೇಳಿಲ್ಲ. ನಾನು ನಿಂತಲ್ಲೇ ನಿಂತು, “ಯವ್ವಾ!” ಅಂತ ಕಿರುಚಿದೆ.

ಬೈಗುಳ ನಿಂತಿತು. ದಿನ್ನೆಯ ಮೇಲೆ ಕೋಲು ಹಿಡಿದ ಆಕಾರವೊಂದು ಹಣೆಗೆ ಕೈ ಹಚ್ಚಿ ನೋಡಿತು. ಆಮೇಲೆ ಕೋಲು ಬಿಟ್ಟು ಓಡಿ ಬರತೊಡಗಿತು. ಬದುವಿನ ಮೇಲಿನ ಹಾದಿ ಹಿಡಿಯಲಿಲ್ಲ, ಅಡ್ಡ ಹಾಯ್ದು ಹೊಲದ ನಟ್ಟನಡುವೆ, ಕಾಯಿ ಕಟ್ಟುತ್ತಿದ್ದ ಕಡಲೆಯನ್ನೆಲ್ಲ ತುಳಿಯುತ್ತಾ ಬಂದಳು ನನ್ನ ಅವ್ವ. ಹತ್ತು ಹೆಜ್ಜೆ ದೂರದಲ್ಲಿ ನಿಂತಳು. ಮುಟ್ಟಬಾರದೆಂಬುದು ಅವಳಿಗೂ ನೆನಪಾಯಿತು.

“ಅದೀ ಏನವ್ವ?” ಅಂದಳು. “ಆಳಂದದಾಗ ಮಾಸ್ತರನ ಹೇಂತಿ ಒಬ್ಬಾಕಿ ಹ್ವಾದಳಂತ ಯಾರೋ ಹೇಳಿದ್ರು. ಎಂಟು ದಿನಾ ಆತು, ನನಗ ರೊಟ್ಟಿ ಇಳದಿಲ್ಲ.”

“ನಾ ನೀ ಹ್ವಾದೀ ಅಂತ ಬಂದೇನಿ ಬೇ,” ಅಂದೆ.

ಇಬ್ಬರೂ ಅಷ್ಟೇ ದೂರದಲ್ಲಿ ಕಡಲೆಯಲ್ಲೇ ಕೂತು ಅತ್ತೆವು, ನಕ್ಕೆವು. ಗುಡಿಸಲು ಎಲ್ಲಿ ಎಂದು ಕೇಳಿದೆ. ಅಣ್ಣ ನಮ್ಮ ಹೊಲದಲ್ಲೇ ಹಾಕಲು ಬಂದಿದ್ದನಂತೆ. ಒಂದು ಗೇಣು ಕಡಲೆಯೂ ಹಾಳಾಗಕೂಡದೆಂದು ಅವ್ವ ರಂಪ ಮಾಡಿ, ದಿನ್ನೆಯ ಆಚೆ ಬೇರೆಯವರ ಬರಡು ಜಾಗದಲ್ಲಿ ಹಾಕಿಸಿದ್ದಳು. ದಿನವೆಲ್ಲ ಕೋಲು ಹಿಡಿದು ಕಾಯುವವಳೂ ಅವಳೇ. ಸತ್ತದ್ದು ಮೂಲೆಮನೆಯ ಅಜ್ಜಿ. ಪಾಪ, ಅವಳನ್ನೂ ನೆನೆದು ಇಬ್ಬರೂ ಅತ್ತೆವು. ತಂದ ಮೆಂತೆಯ ಸೂಡನ್ನು ಕೆಳಗಿಟ್ಟು ಹಿಂದೆ ಸರಿದೆ, ಅವ್ವ ಎತ್ತಿಕೊಂಡಳು.

ಹೊತ್ತು ಇಳಿಯತೊಡಗಿದಾಗ ಅವಳೇ ಎಬ್ಬಿಸಿದಳು, ಕೂಸು ಅಳುತ್ತಿದ್ದೀತು ಎಂದು. ಸೈಕಲ್ ಮೇಲೆ ಬಂದದ್ದಕ್ಕೆ ಆವರೆಗೆ ಒಂದು ಮಾತೂ ಆಡಿರಲಿಲ್ಲ. ನಾನು ಬದುವಿನಿಂದ ಏರಿದಾಗ ಮಾತ್ರ, “ಸಾವಕಾಶ ಹೋಗ ನನ್ನವ್ವ, ಸಾವಕಾಶ,” ಎಂದು ಹತ್ತು ಹೆಜ್ಜೆ ಬಿಟ್ಟು ನನ್ನ ಹಿಂದೆ ಹಿಂದೆಯೇ ಓಡಿ ಬಂದಳು. ಅವಳ ಹೆಜ್ಜೆಯ ಸಪ್ಪಳ, ಏದುಸಿರು ಹಳ್ಳದವರೆಗೂ ಕೇಳುತ್ತಿತ್ತು. ತಿರುಗಿ ಅವಳ ಮುಖ ಇನ್ನೊಮ್ಮೆ ನೋಡಬೇಕೆಂದು ಜೀವ ಹಾರುತ್ತಿತ್ತು. ತಿರುಗಿದರೆ ಬೀಳುತ್ತಿದ್ದೆ, ಬಿದ್ದರೆ ಅವ್ವ ಓಡಿ ಬಂದು ಎತ್ತುತ್ತಿದ್ದಳು. ಅದಕ್ಕೇ ಮುಂದಿನ ಗಾಲಿಯನ್ನೇ ನೋಡುತ್ತಾ, “ಹೂಂ ಬೇ, ಹೂಂ,” ಅನ್ನುತ್ತಾ ತುಳಿದೆ.