ಹಿಂದಿನ ಸೀಟಿಗೆ ತಕ್ಕ ಎಂಜಿನ್

ಹೆಂಡತಿಗೆ ಡಯಾಲಿಸಿಸ್ ಶುರುವಾದ ಮೇಲೆ ನಾನು ಮೋಟರ್‌ಸೈಕಲ್‌ಗಳ ಪಂಡಿತನಾದೆ. ವಾರಕ್ಕೆರಡು ಸಲ ನಮ್ಮೂರು ಹರ್ತಿಯಿಂದ ಗದಗಿನ ಆಸ್ಪತ್ರೆಗೆ ಹೋಗಿಬರಬೇಕು. ನಾಲ್ಕು ತಾಸು ಯಂತ್ರದ ಪಕ್ಕ ಮಲಗಿ ಎದ್ದವಳಿಗೆ ಬಸ್‌ಸ್ಟ್ಯಾಂಡಿನಲ್ಲಿ ಕಾಯುವಷ್ಟು ತ್ರಾಣ ಉಳಿಯುವುದಿಲ್ಲ. ನನ್ನ ಹಳೇ ಗಾಡಿಯೋ ಅವಳ ಕಿಡ್ನಿಯ ಜೊತೆಗೇ ಕೈಕೊಟ್ಟಿತ್ತು.

ಕಾಳಜಿ ಮಾಡುವುದು ನನ್ನ ಹುಟ್ಟುಗುಣ. ರೋಗದ ಕಾಳಜಿ ಮಾಡಲು ಧೈರ್ಯ ಸಾಲದೆ ಎಂಜಿನ್ನಿನ ಕಾಳಜಿ ಹಚ್ಚಿಕೊಂಡೆ. ನೂರು ಸಿಸಿಯದು ಹಗುರ. ಆದರೆ ತಗ್ಗು ಬಂತೆಂದರೆ ಹಿಂದೆ ಕೂತವರನ್ನು ಎತ್ತಿ ಒಗೆಯುತ್ತದೆ. ಮುನ್ನೂರೈವತ್ತರದು ಭಾರ, ನೆಲ ಕಚ್ಚಿಕೊಂಡು ಹೋಗುತ್ತದೆ. ಬೆಟಗೇರಿಯ ಮೆಕ್ಯಾನಿಕ್‌ನ ಹತ್ತಿರ ಮೂರು ಸಲ ಹೋಗಿ ಕೇಳಿದೆ. ನಾಲ್ಕನೆಯ ಸಲ ಅವನು, ಕನ್ಯಾ ನೋಡಾಕೂ ಇಷ್ಟು ತಿರುಗಿದ್ದಿರೇನ್ರಿ ಎಂದು ನಕ್ಕು, ದೊಡ್ಡದನ್ನೇ ತಗೊಳ್ಳಲು ಹೇಳಿದ.

ದೊಡ್ಡದರ ಮೇಲೆ ಕೂರಿಸಿ ನೋಡೋಣವೆಂದು ಅವಳನ್ನು ಶೋರೂಮಿಗೆ ಕರೆದುಕೊಂಡು ಹೋದೆ. ಅವಳು ಕೂರುವುದು ಒಂದೇ ಮಗ್ಗುಲಿಗೆ ಕಾಲು ಬಿಟ್ಟು. ಡಯಾಲಿಸಿಸ್ಸಿನ ಸೂಜಿ ಚುಚ್ಚಲೆಂದು ಎಡಗೈಯಲ್ಲಿ ಆಪರೇಶನ್ ಮಾಡಿ ನರ ಜೋಡಿಸಿದ್ದರಿಂದ ಆ ಕೈ ಮೇಲೆ ಭಾರ ಹಾಕುವಂತಿಲ್ಲ. ಬಲಗೈಯಿಂದ ನನ್ನ ಹೆಗಲು ಹಿಡಿಯಬೇಕು, ಅಷ್ಟೇ. ಹೇಗೋ ಹತ್ತಿದಳು. ನಾನು ಗಾಡಿಯನ್ನು ತುಸು ವಾಲಿಸಿದೆ, ಅದು ಬಹಳ ವಾಲಿತು. ಅಂಗಡಿಯವರು ಇಬ್ಬರು ಓಡಿಬಂದು ಹಿಡಿದರು.

ಅವಳು ಇಳಿದು ಸೆರಗು ಸರಿ ಮಾಡಿಕೊಂಡಳು. “ನನಗ ಚಕ್ಕರ್ ಬಂದ್ರ ನೀವು ಇದನ್ನ ಹಿಡೀತೀರೋ, ನನ್ನ ಹಿಡೀತೀರೋ?”

ಎರಡನ್ನೂ ಎಂದೆ. ಅಂಗಡಿಯವರು ಬೇರೆ ಕಡೆ ನೋಡಿದರು.

“ಸಣ್ಣದ ತಗೋರಿ. ಅದನ್ನಾದ್ರ ಒಗದು ನನ್ನ ಕಡೆ ಬರಬಹುದು.”

ಸಣ್ಣದೇ ಬಂತು. ಗಾಡಿ ಒಗೆದು ಹಿಂದಕ್ಕೆ ತಿರುಗುವುದನ್ನು ಅಂಗಳದಲ್ಲಿ ಒಮ್ಮೆ ರೂಢಿ ಮಾಡಿಕೊಳ್ಳಬೇಕೆಂದು ಅಂದುಕೊಂಡೆ. ಹೊಸ ಗಾಡಿ, ಮನಸ್ಸು ಬರಲಿಲ್ಲ.

ಎರಡನೇ ತಿಂಗಳು, ಗದಗಿನಿಂದ ತಿರುಗಿ ಬರುವಾಗ, ಮಧ್ಯಾಹ್ನದ ಬಿಸಿಲಲ್ಲಿ ಹೆಗಲ ಮೇಲಿನ ಕೈ ಸಡಿಲಾಯಿತು. ಬ್ರೇಕ್ ಹಾಕಿದೆ. ಗಾಡಿ ನಿಂತಿತು. ಎರಡೂ ಕಾಲು ಗಟ್ಟಿಯಾಗಿ ಊರಿ, ಎರಡೂ ಕೈಯಿಂದ ಹ್ಯಾಂಡಲ್ ಬಿಗಿಹಿಡಿದೆ. ಬೆನ್ನ ಹಿಂದೆ ಭಾರ ಕಡಿಮೆಯಾದದ್ದು ಗೊತ್ತಾಯಿತು. ಆದರೂ ಕೈ ಬಿಡಲಿಲ್ಲ. ನಲವತ್ತೆಂಟು ವರ್ಷ ಏನೂ ಬೀಳಬಾರದು, ಒಡೆಯಬಾರದು, ಎಲ್ಲೂ ಗೀರಾಗಬಾರದು ಎಂದು ಬದುಕಿದ ಕೈಗಳವು, ನನ್ನನ್ನು ಕೇಳಲಿಲ್ಲ.

ಅವಳು ರಸ್ತೆ ಅಂಚಿನ ಎರೆಮಣ್ಣಿನ ಮೇಲೆ ಬಿದ್ದಿದ್ದಳು. ಎಡಗೈ ನೆಲಕ್ಕೆ ತಾಗದ ಹಾಗೆ ಮೇಲೆತ್ತಿ ಹಿಡಿದಿದ್ದಳು. ನಾನು ಅವಳನ್ನು ನೋಡುತ್ತ ಗಾಡಿ ಹಿಡಿದುಕೊಂಡೇ ನಿಂತಿದ್ದೆ.

“ಮದ್ಲ ಸ್ಟ್ಯಾಂಡ್ ಹಾಕ್ರಿ” ಎಂದಳು.

ಹಾಕಿದೆ. ಕೀಲಿ ತಿರುವಿ ಎಂಜಿನ್ನನ್ನೂ ಬಂದ್ ಮಾಡಿದೆ. ಆಮೇಲೆ ಅವಳನ್ನು ಎಬ್ಬಿಸಲು ಹೋದೆ.