ಹದಿನೇಳನೇ ಸಾಲು ಬಿಡಿ

ನನ್ನ ಬಾಮೈದನನ್ನು ಕೆಲಸದ ಜಾಗದಲ್ಲಿ ಎಲ್ಲರೂ ಜರಡಿ ಅಂತಲೇ ಕರೆಯುತ್ತಾರೆ. ಅಲ್ಲಿ ನೆಲದಡಿಯ ಸುರಂಗದಲ್ಲಿ ಕಣಗಳು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಡಿಕ್ಕಿ ಹೊಡೆಯುತ್ತವೆ. ಅಷ್ಟನ್ನೂ ಬರೆದಿಡಲು ಲೋಕದ ಕಂಪ್ಯೂಟರುಗಳೆಲ್ಲ ಸೇರಿದರೂ ಸಾಲದು. ಯಾವುದನ್ನು ಉಳಿಸಬೇಕು, ಯಾವುದನ್ನು ಎಸೆಯಬೇಕು ಅಂತ ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನಿಸುವ ವ್ಯವಸ್ಥೆಗೆ ಟ್ರಿಗರ್ ಅಂತ ಹೆಸರು. ಅದರ ನಿಯಮಗಳ ಪಟ್ಟಿ ನೋಡಿಕೊಳ್ಳುವವನು ಇವನು. ಒಂದು ನಿಯಮಕ್ಕೆ ಒಂದು ಸಾಲು. ಎಸೆದದ್ದು ಎಸೆದಂತೆಯೇ, ಮರಳಿ ಸಿಗುವುದಿಲ್ಲ.

“ನಾನು ಬೇಡ ಅಂದಿದ್ದು ಈ ಬ್ರಹ್ಮಾಂಡದಲ್ಲಿ ನಡೆದೇ ಇಲ್ಲ, ಭಾವ,” ಅನ್ನುತ್ತಿದ್ದ, ನಮ್ಮ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು.

“ಮೊದಲು ಮನೇಲಿರೋ ಸತ್ತ ಬ್ಯಾಟರಿಗಳನ್ನ ಬೇಡ ಅನ್ನಿ,” ಅನ್ನುತ್ತಿದ್ದಳು ಅವನ ಹೆಂಡತಿ. ಬೀಗವಿಲ್ಲದ ಬೀಗದಕೈ, ಜೋಡಿಯಿಲ್ಲದ ಕಾಲುಚೀಲ, ಹಳೇ ಚೀಟಿ — ಮನೆಯಲ್ಲಿ ಒಂದನ್ನೂ ಎಸೆದ ಆಸಾಮಿಯಲ್ಲ.

ಅವನಿಗೆ ಕೆಲಸ ಕಲಿಸಿದ ಮೇಡಂ, ಒಂದು ಅಪರೂಪದ ಡಿಕ್ಕಿಯನ್ನು ಹಿಡಿಯುವುದು ಹೇಗೆಂದು ಒಂಬತ್ತು ವರ್ಷ ತಲೆ ಕೆಡಿಸಿಕೊಂಡವರು. ಅಂಥದ್ದು ಇದೆಯೋ ಇಲ್ಲವೋ ಯಾರೂ ಕಂಡಿಲ್ಲ, ಇದ್ದರೂ ತಿಂಗಳಿಗೆ ಒಂದೋ ಎರಡೋ ಸಿಕ್ಕರೆ ಪುಣ್ಯ. ಅದಕ್ಕೆಂದೇ ಪಟ್ಟಿಗೆ ಹದಿನೇಳನೇ ಸಾಲು ಸೇರಿಸಿ, ಅದಿನ್ನೂ ಚಾಲೂ ಆಗುವ ಮೊದಲೇ ಮಂಡಿ ಆಪರೇಷನ್ನಿಗೆ ಹೊರಡುವ ಅವಸರದಲ್ಲಿ ಇವನ ಮೇಜಿನ ಮೇಲೆ ಚೀಟಿ ಇಟ್ಟು ಹೋದರು: “ಹದಿನೇಳನೇ ಸಾಲು ಬಿಡಿ.”

ಇವನು ಬಿಟ್ಟ. ಅಂದರೆ, ಅಳಿಸಿ ಹಾಕಿದ.

ಹನ್ನೊಂದು ವಾರದ ಮೇಲೆ, ಮಂಗಳವಾರ ಬೆಳಿಗ್ಗೆ, ಮೇಡಂ ಕೋಲೂರಿಕೊಂಡು ಬಂದರು. ಆ ಶುಕ್ರವಾರ ಸುರಂಗದ ಯಂತ್ರ ಶಾಶ್ವತವಾಗಿ ನಿಲ್ಲುವುದಿತ್ತು.

“ಒಂದೂ ಬಂದಿಲ್ವಲ್ರೀ. ಸಾಲು ಬಿಟ್ರಿ ತಾನೇ?”

“ಬಿಟ್ಟೆ ಮೇಡಂ.”

“ಹಾಗಾದ್ರೆ ಅದು ಇಲ್ಲವೇ ಇಲ್ಲ ಅಂತ ಬರೆದುಬಿಡ್ತೀನಿ. ಇಲ್ಲ ಅನ್ನೋದೂ ಒಂದು ಉತ್ತರವೇ ಕಣ್ರೀ,” ಅಂದು ನಕ್ಕರು.

ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ನನಗೆ ಫೋನು ಮಾಡಿದ. “ಭಾವ, ಬಿಡು ಅಂದ್ರೆ ಏನು?”

“ಯಾವ ಬಿಡು ಮಾರಾಯ? ನಾಯೀನ ಒಳಗೆ ಬಿಡೋದಾ, ಸಿಗರೇಟು ಬಿಡೋದಾ?”

“ನಾನು ಸಿಗರೇಟು ಅಂದ್ಕೊಂಡೆ ಭಾವ,” ಅಂದ. ನನಗೆ ನಗು ಬಂತು. ಅವನು ಅಳುತ್ತಿದ್ದಾನೆಂದು ಗೊತ್ತಾಗಲು ಕೊಂಚ ಹೊತ್ತು ಹಿಡಿಯಿತು. ಪೂರ್ತಿ ಕಥೆ ಹೇಳಿ, “ನಾನು ಬಾಯಿಬಿಡದಿದ್ರೆ ಯಾರಿಗೂ ಗೊತ್ತಾಗಲ್ಲ. ಅವರು ಇಲ್ಲ ಅಂತ ಬರೀತಾರೆ, ಸಂತೋಷವಾಗೇ ಇರ್ತಾರೆ. ಆದ್ರೆ ಅದು ಸುಳ್ಳು,” ಅಂದ.

“ಹೋಗಿ ಹೇಳು,” ಅಂದೆ. ಹೇಳುವುದು ಸುಲಭ, ಅವರ ಮುಖ ನೋಡಬೇಕಾದವನು ನಾನಲ್ಲವಲ್ಲ.

ಚೀಟಿ ಇತ್ತು, ಅವನು ಯಾವ ಚೀಟಿ ಎಸೆದಿದ್ದ? ಅದನ್ನೇ ಮೇಡಂ ಮುಂದೆ ಹಿಡಿದು ಎಲ್ಲ ಹೇಳಿದ. ಅವರು ಎರಡು ಸಲ ಓದಿದರು.

“ನನ್ನ ಅಕ್ಷರವೇ,” ಅಂದರು. “ಒಳಗೆ ಅಂತ ಒಂದು ಮಾತು ಸೇರಿಸಬೇಕಿತ್ತು.” ಅವರು ಬೈದಿದ್ದರೆ ಚೆನ್ನಾಗಿತ್ತು ಅನ್ನುತ್ತಾನೆ ಈಗಲೂ.

ಸಾಲನ್ನು ಮತ್ತೆ ಸೇರಿಸಿದರು. ಮೂರು ದಿನ ಇಬ್ಬರೂ ಒಂದೇ ಪರದೆಯ ಮುಂದೆ ಕೂತರು. ಶುಕ್ರವಾರ ಸಂಜೆ ನಾಲ್ಕಕ್ಕೆ ಯಂತ್ರ ನಿಂತಾಗ ಹದಿನೇಳನೇ ಸಾಲಿನೆದುರು ಸೊನ್ನೆಯೇ ಇತ್ತು. ಮೂರು ದಿನದ ಸೊನ್ನೆ ಇಟ್ಟುಕೊಂಡು ಇದೆ ಅಂತಲೂ ಬರೆಯುವಂತಿಲ್ಲ, ಇಲ್ಲ ಅಂತಲೂ ಬರೆಯುವಂತಿಲ್ಲ.

ಮೇಡಂ ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು, ಕೋಲಿಗಾಗಿ ತಡಕಾಡಿದರು. ಇವನು ಎತ್ತಿಕೊಟ್ಟು ಏನೋ ಹೇಳಲು ಹೋದ.

“ಬಿಡಿ,” ಅಂದರು.

ಯಾವ ಬಿಡಿ ಅಂತ ಅವನು ಕೇಳಲಿಲ್ಲ.